ಬಲ್ಲವರ ಪತ್ರ

"ನೀನು ಇದನ್ನ ನೋಡಬಾರದು ಅಂತ ಬರೆದದೆ ಇಲ್ಲಿ. ಆದ್ರೆ ನೀನು ನೋಡದಿದ್ರೆ ಈ ಬಾಣದ ಗುರುತು ಎಲ್ಲಿ ಓಡಿಹೋಯ್ತು ಅಂತ ನಂಗೆ ಹೇಳುವವ್ರು ಯಾರು?" ಎಂದು ಅನಂತಮೂರ್ತಿ ಮಾಸ್ತರರು ಮೌಸನ್ನು ಮೇಜಿನ ಮೇಲೆ ಗಂಧ ತೇಯುವಂತೆ ತಿರುಗಿಸಿದರು.

ಹೊನ್ನಾವರದ ಅವರ ಮನೆಯ ಮುಂಗೋಣೆಯಲ್ಲಿ ಅಕ್ಟೋಬರ್ ತಿಂಗಳ ಸೆಕೆ ಅಲುಗದೆ ಕೂತಿತ್ತು. ಪ್ರಣಿತಾ ಪಟಗಾರ ಅವರ ಕುರ್ಚಿಯ ಹಿಂದೆ ನಿಂತು, ಪರದೆಯನ್ನು ನೋಡಿಯೂ ನೋಡದವಳಂತೆ ಕಿಟಕಿಯ ಕಡೆ ಮುಖ ಮಾಡಿದ್ದಳು. ಕುಮಟೆಯ ಕಾಲೇಜಿನಲ್ಲಿ ಮೂರು ವರ್ಷ ಅವಳಿಗೆ ಸಸ್ಯಶಾಸ್ತ್ರ ಕಲಿಸಿದವರು ಅವರು. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಉಪ್ಪುನೆಲದ ಬೇಸಾಯದ ಬಗ್ಗೆ ಓದಲು ಅವಳು ಹೊರದೇಶದ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದಳು. ಇಂಗ್ಲೆಂಡಿನದೊಂದು, ಜರ್ಮನಿಯದೊಂದು, ನೆದರ್ಲೆಂಡ್ಸಿನದೊಂದು. ಮೂರಕ್ಕೂ ಅವಳನ್ನು ಬಲ್ಲ ಇಬ್ಬರ ಶಿಫಾರಸು ಬೇಕಿತ್ತು.

ಬಾಣ ಕೊನೆಗೂ ಸಿಕ್ಕಿತು. ಅದು ಒಂದು ಪ್ರಶ್ನೆಯ ಮೇಲೆ ಹೋಗಿ ನಿಂತಿತು. ನೀವು ಬಲ್ಲ ವಿದ್ಯಾರ್ಥಿಗಳಲ್ಲಿ ಈ ಅಭ್ಯರ್ಥಿ ಎಲ್ಲಿ ನಿಲ್ಲುತ್ತಾರೆ? ಕೆಳಗೆ ಐದು ಚೌಕ: ಮೊದಲ ಶೇಕಡಾ ಎರಡರೊಳಗೆ, ಹತ್ತರೊಳಗೆ, ಇಪ್ಪತ್ತೈದರೊಳಗೆ, ಐವತ್ತರೊಳಗೆ; ಕೊನೆಯದು 'ಹೇಳಲಾರೆ'.

ಮಾಸ್ತರರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. "ಪ್ರಣಿತಾ, ಬೇಜಾರು ಮಾಡ್ಕಳ್ಬೇಡ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಹತ್ತರೊಳಗೆ ಅಂತ ಒತ್ತಿದ್ರೆ ಆ ಹತ್ತರಲ್ಲಿ ನಿಜವಾಗಿ ಇದ್ದವ್ರ ಮುಖ ನೋಡುದು ಹೇಗೆ?" ಎಂದು, ಅವಳು ಏನಾದರೂ ಹೇಳುವ ಮೊದಲೇ 'ಐವತ್ತರೊಳಗೆ' ಎಂಬಲ್ಲಿ ಒತ್ತಿಬಿಟ್ಟರು. "ಇದೂ ಉಪಕಾರ ಮಾಡಿ ಹಾಕಿದ್ದು ಅಂತ ತಿಳ್ಕೊ."

ಪ್ರಣಿತಾಳ ಕಿವಿ ಬಿಸಿಯಾಯಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಅವಳಿಗೆ ಬಂದದ್ದು ಶೇಕಡಾ ಐವತ್ತೆರಡು. ಅದರಲ್ಲೂ ಸಸ್ಯಗಳ ಶರೀರಕ್ರಿಯೆಯ ಪತ್ರಿಕೆಯಲ್ಲಿ ಒಮ್ಮೆ ಫೇಲಾಗಿ, ಎರಡನೇ ಸಲಕ್ಕೆ ದಡ ಮುಟ್ಟಿದವಳು.

ಮಾಸ್ತರರ ಹೆಂಡತಿ ಪ್ರಿಯಂವದಾ ಚಾ ತಂದಿಟ್ಟು ಅವಳ ಮುಖ ನೋಡಿದರು. "ಆ ಕೂಸಿಗೆ ಎಂತ ಹೇಳಿದ್ರಿ?"

"ಇದ್ದಿದ್ದು ಇದ್ದಾಂಗೆ ಹೇಳ್ದೆ."

"ನಿಮಗೆ ಅದೊಂದೇ ಬಪ್ದು," ಎಂದು ಅವರು ಬಿಸ್ಕಿಟಿನ ತಟ್ಟೆಯನ್ನು ಗಂಡನ ಕೈಗೆ ಸಿಗದಷ್ಟು ದೂರಕ್ಕೆ, ಪ್ರಣಿತಾಳ ಹತ್ತಿರಕ್ಕೆ ಸರಿಸಿದರು.

ಚಾ ಕುಡಿಯುತ್ತ ಮಾಸ್ತರರು ಕೇಳಿದರು: "ಎರಡನೇ ಪತ್ರ ಯಾರದ್ದು?"

ಅವಳು ಹಿಂಜರಿದಳು. ಭಟ್ಕಳದಲ್ಲಿ ಗುರುದತ್ತ ಎಂಬವನ ಕನ್ಸಲ್ಟನ್ಸಿ ಇತ್ತು. ಮಾವಳ್ಳಿಯವನು, ಒಳ್ಳೆಯ ಮಾತಿನವನು. ದುಬೈಗೆ, ಇಂಗ್ಲೆಂಡಿಗೆ ಬಹಳ ಜನರನ್ನು ಕಳಿಸಿದವನು. ಅವನೇ ಒಂದು ಕಂಪನಿಯ ಮ್ಯಾನೇಜರರಿಂದ ಪತ್ರ ಬರೆಸಿಕೊಡುತ್ತೇನೆ ಎಂದಿದ್ದ. ಅದನ್ನು ಹೇಳಿದಳು.

"ಆ ಮ್ಯಾನೇಜರು ನಿನ್ನ ನೋಡಿದ್ದಾರಾ?"

"ಇಲ್ಲ ಸರ್."

"ನೋಡು, ನಾನು ನಿನ್ನ ಮೂರು ವರ್ಷ ನೋಡಿದ್ದೇನೆ, ಆದ್ರೂ ಗೊತ್ತಿಲ್ಲ. ಎರಡನೇ ಬೆಂಚಿನ ಕಡೆಗೆ ಕೂರ್ತಿದ್ದೆ, ನೋಟ್ಸು ಚಂದ ಬರೀತಿದ್ದೆ, ಅಷ್ಟೇ. ನನ್ನ ಪತ್ರದಲ್ಲಿ ಅದನ್ನೇ ಬರೀತೇನೆ. ಇನ್ನೊಂದು ಪತ್ರವಾದ್ರೂ ನಿನ್ನ ಕೆಲಸ ಕಂಡವ್ರ ಹತ್ರ ಬರೆಸು. ಅಂಥವ್ರು ಯಾರೂ ಇಲ್ವಾ?"

ಕುಮಟೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಅಂಥವರು ಯಾರೂ ಇಲ್ಲವೇ ಎಂಬ ಮಾತು ಕಿವಿಯಲ್ಲೇ ಇತ್ತು. ಬಸ್ಸು ಶರಾವತಿಯನ್ನು ಹಿಂದೆ ಬಿಟ್ಟು ಬಹಳ ದೂರ ಬಂದ ಮೇಲೆ ಅವಳಿಗೆ ಒಬ್ಬರು ಹೊಳೆದರು. ಹೊಳೆದ ಕೂಡಲೇ ನಗು ಬಂತು. ಪಕ್ಕದಲ್ಲಿ ಕೂತ ಹೆಂಗಸು ತಿರುಗಿ ನೋಡುವಷ್ಟು ನಗು.

ಅವಳ ಊರು ಅಘನಾಶಿನಿ ಹೊಳೆಯ ಬದಿಯ ಮಾಣಿಕಟ್ಟಾ. ಹೊಳೆಯ ಉಪ್ಪುನೀರು ಉಬ್ಬರದಲ್ಲಿ ಒಳಗೆ ಬರುವ ತಗ್ಗು ಗದ್ದೆಗಳಿಗೆ ಅಲ್ಲಿ ಗಜನಿ ಎನ್ನುತ್ತಾರೆ. ಆ ಗಜನಿಯಲ್ಲಿ ಬೆಳೆಯುವ ಭತ್ತ ಒಂದೇ, ಕಗ್ಗ. ಎದೆಯೆತ್ತರ ಬೆಳೆದು, ನೆರೆ ಬಂದರೆ ನೀರೊಳಗೆ ಉಸಿರು ಹಿಡಿದು ನಿಂತು, ಇಳಿದಾಗ ಎದ್ದೇಳುವ ಭತ್ತ. ನಾಲ್ಕು ವರ್ಷದ ಹಿಂದೆ ಆಗಸ್ಟಿನಲ್ಲಿ ಗಜನಿಯ ಕಟ್ಟೆ ಒಡೆದು, ಮೂರು ವಾರ ಸಮುದ್ರದ ನೀರು ಒಳಗೇ ನಿಂತಿತು. ಆ ವರ್ಷದ ಬೆಳೆಯೂ ಹೋಯಿತು, ಬೀಜವೂ ಹೋಯಿತು. ಎಲ್ಲವನ್ನೂ ಸಿಗಡಿ ಕೆರೆಗೆ ಕೊಟ್ಟುಬಿಡೋಣ ಎಂದು ಊರವರು ಮಾತಾಡಿಕೊಂಡರು. ಬೇಡ ಎಂದವಳು ಒಬ್ಬಳೇ, ಕೇರಿಯ ಕೊನೆಯ ಮನೆಯ ಮಾಸ್ತಮ್ಮ.

ಪ್ರಣಿತಾ ಆಗ ಡಿಗ್ರಿ ಮುಗಿಸಿ, ನಾಟಿ ಬೀಜ ಉಳಿಸುವ ಒಂದು ಸಂಘದಲ್ಲಿ ಸಹಾಯಕಿಯಾಗಿ ಸೇರಿದ್ದಳು. ಬೇರೆ ಯಾವ ಕೆಲಸವೂ ಸಿಗದೆ ಸೇರಿದ್ದು ಎಂದರೂ ಸರಿಯೆ. ಆ ಕೆಲಸಕ್ಕಾಗಿಯೇ ಅವಳು ಮೊದಲ ಬಾರಿಗೆ ಮಾಸ್ತಮ್ಮನ ಹಿಂದೆ ಕೆಸರಿಗೆ ಇಳಿದದ್ದು.

ಮರುದಿನ ಬೆಳಿಗ್ಗೆ ಹೋದಾಗ ಮಾಸ್ತಮ್ಮ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಕತ್ತಿ ಮಸೆಯುತ್ತಿದ್ದಳು. ಕಗ್ಗ ಕೊಯ್ಲಿಗೆ ಬಂದಿತ್ತು. ಎಪ್ಪತ್ತು ದಾಟಿದ ಮೈ, ಆದರೆ ಕತ್ತಿ ಮಸೆಯುವ ತೋಳಿನ ನರಗಳು ಹಗ್ಗದ ಹಾಗಿದ್ದವು. ಮಗ ಉಮೇಶ ಜಗಲಿಯಲ್ಲಿ ಟೆಂಪೊ ಬಾಡಿಗೆಗೆ ಹೊರಡುವ ತಯಾರಿಯಲ್ಲಿದ್ದ.

ಪ್ರಣಿತಾ ವಿಷಯ ಹೇಳಿದಳು. ಮಾಸ್ತಮ್ಮ ಕತ್ತಿ ಮಸೆಯುವುದನ್ನು ನಿಲ್ಲಿಸಲಿಲ್ಲ.

"ನಂಗೆ ಬರಿಯೂಕೆ ಬರೂದಿಲ್ಲ ತಂಗಿ. ಸಹಿ ಒಂದು ಬರ್ತದೆ. ಅದೂ ಸೊಸಾಯ್ಟಿಯವ್ರು ಬೈದು ಕಲ್ಸಿದ್ದು."

"ನೀನು ಹೇಳು, ಅನಂತಮೂರ್ತಿ ಸರ್ ಬರ್ಕಳ್ತಾರೆ. ಇಂಗ್ಲಿಷಿಗೆ ಅವರೇ ಮಾಡ್ತಾರೆ."

"ಎಂತ ಹೇಳೂದು? ನೀ ಬಾಳಾ ಶಾಣೆ ಅಂತ ಹೇಳ್ಬೇಕಾ?"

"ಗೊತ್ತಿದ್ದದ್ದು ಹೇಳು."

"ಹಾಂಗಾದ್ರೆ ಆತು," ಎಂದು ಮಾಸ್ತಮ್ಮ ಕತ್ತಿಯ ಅಂಚನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿದಳು. "ಸುಳ್ಳು ಹೇಳೂಕೆ ನಂಗೆ ಆಗೂದಿಲ್ಲ, ಮೊದ್ಲೇ ಹೇಳ್ತೆ."

ಮಾಸ್ತರರು ಒಪ್ಪುತ್ತಾರೋ ಇಲ್ಲವೋ ಎಂದು ಅಳುಕುತ್ತಲೇ ಪ್ರಣಿತಾ ಫೋನು ಮಾಡಿದಳು. ಅವರು, "ಬತ್ತೆ, ನಾಳೆ ಹನ್ನೊಂದರ ಒಳಗೆ ಬತ್ತೆ," ಎಂದರು, ಅವಳೊಡನೆ ಎಂದೂ ಆಡದ ಮನೆಮಾತಿನಲ್ಲಿ.

ಹೇಳಿದ ಹಾಗೆ ಬಂದರು. ಬಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಕೊಡೆ. ಉಮೇಶನ ಫೋನಿನಲ್ಲಿ ಮಾಸ್ತಮ್ಮನಿಗೊಂದು ಇ-ಮೇಲ್ ವಿಳಾಸವಾಯಿತು. ಹುಟ್ಟಿದ ತಾರೀಕು ಕೇಳಿದಾಗ ಮಾಸ್ತಮ್ಮ, "ದೊಡ್ಡ ನೆರೆ ಬಂದ ವರ್ಷ," ಎಂದಳು. ಉಮೇಶ ಆಧಾರ್ ಕಾರ್ಡು ಹುಡುಕಿ ತಂದ. ಹುದ್ದೆ ಎಂಬಲ್ಲಿ ಮಾಸ್ತರರು 'ರೈತೆ' ಎಂದು ತುಂಬಿದರು. ಸಂಸ್ಥೆ ಎಂಬಲ್ಲಿ ಕೈ ನಿಂತಿತು.

"ಸಂಸ್ಥೆ ಅಂದ್ರೆಂತದು?" ಎಂದಳು ಮಾಸ್ತಮ್ಮ.

"ನೀವು ಎಲ್ಲಿ ಕೆಲಸ ಮಾಡೂದು ಅಂತ."

"ಗಜನಿಯಾಗೆ."

ಮಾಸ್ತರರು ಹಾಗೆಯೇ ಬರೆದರು.

ಪತ್ರದ ಮಾತು ಶುರುವಾಯಿತು. ಪ್ರಣಿತಾ ಎದ್ದು ಹೋಗಲು ನೋಡಿದರೆ ಮಾಸ್ತಮ್ಮ ಬಿಡಲಿಲ್ಲ. "ಹಿಂದಿಂದ ಹೇಳೂದು ನಂಗೆ ಬರೂದಿಲ್ಲ. ಕೂತ್ಕ, ಎದ್ರಿಗೇ ಹೇಳ್ತೆ. ಬರ್ಕಳಿ ಮಾಸ್ತರ್ರೆ. ಈ ಹುಡ್ಗಿ ನಿಧಾನ. ಒಂದು ಸಲಕ್ಕೆ ಎಂತದೂ ತಲಿಗೆ ಹೋಗೂದಿಲ್ಲ. ಹತ್ತು ಸಲ ಎಂತಕ್ಕೆ, ಎಂತಕ್ಕೆ ಅಂತ ಕೇಳಿ ನನ್ನ ತಲಿ ತಿಂತದೆ. ಕೊಯ್ಲು ಬರೂದಿಲ್ಲ, ಬೆನ್ನು ಬಗ್ಗೂದಿಲ್ಲ."

ಮಾಸ್ತರರು ಟೈಪು ಮಾಡುತ್ತ ಪ್ರಣಿತಾಳ ಕಡೆ ಓರೆಗಣ್ಣಿನಲ್ಲಿ ನೋಡಿದರು. ಅವರ ಮೀಸೆಯಡಿಯಲ್ಲಿ ನಗುವಿತ್ತು.

"ಆದ್ರೆ ಕಟ್ಟೆ ಒಡ್ದ ವರ್ಷ ಬೀಜ ಇರ್ಲಿಲ್ಲ. ನನ್ನ ಕಣಜದಾಗೂ ಇಲ್ಲ, ಯಾರ ಕಣಜದಾಗೂ ಇಲ್ಲ. ಆಗ ಇದು ನೆನಪು ಮಾಡ್ತು, ಹಬ್ಬಕ್ಕೆ ಬಾಗ್ಲ ಮೇಲೆ ಕಟ್ಟಿದ ಕದಿರು ಇರ್ತದಲೆ, ಅದು ಕಗ್ಗದ್ದೇ ಅಲ್ದಾ ಅಂತ. ನಂಗೇ ಹೊಳೀಲಿಲ್ಲ ಅದು. ಕದಿರು ಬಾಗ್ಲಿಂದ ಇಳ್ಸೂಕೆ ಯಾರು ಕೊಡ್ತಾರೆ? ಮನಿ ಲಕ್ಷ್ಮಿ ಅದು. ಈ ಹುಡ್ಗಿ ಹೊಳೀ ಈಚೆ ಆಚೆ ಸುತ್ತಿ ಮನಿ ಮನಿಗೆ ಹೋಗಿ ಕೇಳ್ತು. ಬೈಸ್ಕಂತು. ಮತ್ತೆ ಹೋಯ್ತು. ಒಂದು ಮನಿಯಾಗೆ ನಾಲ್ಕು ಕಾಳು, ಒಂದು ಮನಿಯಾಗೆ ಒಂದು ಮುಷ್ಟಿ. ತಂದದ್ರಾಗೆ ಸ್ವಲ್ಪ ಬಿತ್ತಿದ್ವಿ. ಹೋಯ್ತು. ಉಳ್ದದ್ರಾಗೆ ಅರ್ಧ ಬಿತ್ತಿದ್ವಿ. ಅದೂ ಹೋಯ್ತು. ಆವಾಗ ನಾ ಕಟ್ಟೆ ಮೇಲೆ ಕೂತು ಅತ್ತೆ. ಇದು ನನ್ನ ಹತ್ರ ಬಂದು ಕೂತ್ಕಂಡು ಕೇಳ್ತು, ಎಂತಕ್ಕೆ ಹೋಯ್ತು ಅಂತ. ಸಿಟ್ಟು ಬಂತು ನಂಗೆ. ಆದ್ರೆ ಕೇಳಿದ್ಕೆ ಹೇಳ್ಬೇಕಲ್ಲ, ಹೇಳೂಕೆ ಹೋದಾಗ ಗೊತ್ತಾಯ್ತು, ಮಳಿ ಉಪ್ಪು ತೊಳೂಕೆ ಮೊದ್ಲೇ ಬಿತ್ತಿದ್ವಿ ಅಂತ. ಮೂರ್ನೇ ಸಲ, ಕಡಿಗುಳ್ದ ಕಾಳು, ತಡ್ದು ಬಿತ್ತಿದ್ವಿ. ಅದು ಹಿಡೀತು, ವರ್ಷ ವರ್ಷ ಹೆಚ್ಚಾತು. ಅದೋ ಅಲ್ಲಿ ಅದೆ, ನೋಡಿ."

ಅವಳು ಕೈ ಚಾಚಿದ ಕಡೆ ಮಾಸ್ತರರು ನೋಡಿದರು. ಕಟ್ಟೆಯ ಆಚೆ, ಮೊಣಕಾಲು ನೀರಿನಲ್ಲಿ, ಹದಿನೈದು ಮನೆಯವರ ಗಜನಿಯ ತುಂಬ ಕಗ್ಗ ಕೆಂಪಗೆ ಬಾಗಿ ನಿಂತಿತ್ತು.

"ಇನ್ನೊಂದು ಪ್ರಶ್ನೆ ಇದೆ," ಎಂದು ಮಾಸ್ತರರು ಗಂಟಲು ಸರಿಮಾಡಿಕೊಂಡರು. "ನಿಮಗೆ ಗೊತ್ತಿದ್ದ ಇಂಥ ಹುಡುಗ ಹುಡುಗಿಯರಲ್ಲಿ ಇವಳು ಎಷ್ಟನೆಯವಳು? ನೂರು ಜನ ಇದ್ರೆ ಎಷ್ಟರೊಳಗೆ?"

ಮಾಸ್ತಮ್ಮ ಬೆರಳು ಮಡಚಲು ಹೋಗಿ ಒಂದನ್ನು ಮಡಚಿ ಅಲ್ಲಿಗೇ ಬಿಟ್ಟಳು. "ನೂರು ಎಲ್ಲಿಂದ ತರೂದು? ನನ್ನ ಹಿಂದೆ ಗಜನಿಗೆ ಇಳ್ದ ಹರೇದವ್ರು ಅಂದ್ರೆ ಇದೊಂದೇ. ಮೊದ್ಲನೇದೂ ಇದೇ, ಕಡೇದೂ ಇದೇ."

ಮಾಸ್ತರರು ಐದು ಚೌಕಗಳನ್ನೂ ಒಂದೊಂದಾಗಿ ಓದಿದರು. ಕೊನೆಗೆ 'ಹೇಳಲಾರೆ' ಎಂಬುದನ್ನು ಒತ್ತಿ, ಪಕ್ಕದ ಖಾಲಿ ಜಾಗದಲ್ಲಿ ಮಾಸ್ತಮ್ಮನ ಮಾತನ್ನು ಇದ್ದ ಹಾಗೆಯೇ ಇಂಗ್ಲಿಷಿನಲ್ಲಿ ಬರೆದರು.

ಕೆಲಸ ಮುಗಿದ ಮೇಲೆ ಗಜನಿ ನೋಡುತ್ತೇನೆ ಎಂದರು. ಪ್ರಣಿತಾ ಕಟ್ಟೆಯ ಮೇಲೆ ಕರೆದುಕೊಂಡು ಹೋದಳು. ಅವರು ಬಗ್ಗಿ ಒಂದು ತೆನೆಯನ್ನು ಮುಟ್ಟಿದರು. ಕಾಳಿನ ತುದಿಯ ಉದ್ದನೆಯ ಮುಳ್ಳು ಬೆರಳಿಗೆ ಚುಚ್ಚಿತು. ಬುಡದ ಎಲೆಗಳೆಲ್ಲ ಸುಟ್ಟ ಹಾಗೆ ಕಂದಾಗಿದ್ದವು.

"ರೋಗವೇನು ಇದು?"

"ಅಲ್ಲ ಸರ್. ಬೇರಿನಿಂದ ಬಂದ ಉಪ್ಪನ್ನ ಇದು ಹಳೇ ಎಲೆಗಳಿಗೆ ಕಳಿಸ್ತದೆ. ಅವು ಸುಟ್ಟು ಹೋಗ್ತವೆ, ಹೊಸ ಎಲೆ ಉಳೀತದೆ. ಮಾಸ್ತಮ್ಮ ಹೇಳೂದು, ಕೆಳಗಿನ ಎಲೆ ಸುಟ್ರೆ ಹೆದರಬೇಡ, ಮೇಲಿನ ಎಲೆ ಸುಟ್ರೆ ಹೆದರು ಅಂತ." ಅವಳು ಸ್ವಲ್ಪ ತಡೆದಳು. "ಹೋದ ವರ್ಷ ಹೊಳೆ ಬದಿಯ ಎರಡು ಗದ್ದೆಯಲ್ಲಿ ಮೇಲಿನ ಎಲೆಯೂ ಸುಟ್ಟಿತ್ತು. ಎಂತಕ್ಕೆ ಅಂತ ಕೇಳಿದೆ. ಮಾಸ್ತಮ್ಮ, ಗೊತ್ತಿಲ್ಲ ತಂಗಿ ಅಂತು. ಮಾಸ್ತಮ್ಮ ಗೊತ್ತಿಲ್ಲ ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಅವತ್ತೇ ನಂಗೆ ಓದಬೇಕು ಅನ್ನಿಸಿದ್ದು."

ಮಾಸ್ತರರು ಎಲೆಯನ್ನು ಬಿಡದೆ ಹಿಡಿದುಕೊಂಡೇ ನಿಂತರು. "ನೀನು ಫೇಲಾದ ಪತ್ರಿಕೆಯಲ್ಲಿ ಉಪ್ಪುನೆಲದ ಸಸ್ಯಗಳ ಬಗ್ಗೆ ಒಂದು ಪ್ರಶ್ನೆ ಇತ್ತಲ್ಲ. ಹತ್ತು ಮಾರ್ಕಿಂದು."

"ಇತ್ತು ಸರ್. ಹ್ಯಾಲೋಫೈಟ್ ಅಂತ ಇತ್ತು. ಎಂತದೋ ಮರುಭೂಮಿಯ ಗಿಡ ಅಂದ್ಕಂಡಿದ್ದೆ. ಖಾಲಿ ಬಿಟ್ಟೆ."

"ಆ ಪ್ರಶ್ನೆ ತೆಗೆದವನು ನಾನೇ." ಅವರು ಕೊಡೆಯನ್ನು ಕೆಸರಿಗೆ ಊರಿದರು. "ಪ್ರತಿ ವರ್ಷ ಪಾಠ ಮಾಡ್ದೆ. ಪುಸ್ತಕದಾಗೆ ಯಾವುದೋ ದೇಶದ ಗಿಡದ ಚಿತ್ರ ಇತ್ತು, ಅದನ್ನೇ ಬೋರ್ಡಿನ ಮೇಲೆ ಬಿಡಿಸ್ತಿದ್ದೆ. ಕಾಲೇಜಿನ ಎದುರು ಬಸ್ಸು ಹತ್ತಿದ್ರೆ ಅರ್ಧ ತಾಸು. ಒಂದು ದಿನವೂ ಹತ್ತಲಿಲ್ಲ ನೋಡು."

"ಈಗ ಬಂದ್ರಲ್ಲ ಸರ್," ಎಂದಳು ಪ್ರಣಿತಾ.

ಅರ್ಜಿಯ ಜೊತೆ ತಾನು ಯಾಕೆ ಓದಬೇಕೆಂದಿದ್ದೇನೆ ಎಂದು ಅವಳೂ ಒಂದು ಬರಹ ಕೊಡಬೇಕಿತ್ತು. ಗುರುದತ್ತ ತಯಾರಿಸಿಕೊಟ್ಟ ಒಂದು ಪ್ರತಿ ಇತ್ತು. ಅದರಲ್ಲಿ ಅವಳು ಬಾಲ್ಯದಿಂದಲೂ ವಿಜ್ಞಾನದ ಬಗ್ಗೆ ತೀವ್ರ ಒಲವುಳ್ಳವಳಾಗಿದ್ದಳು. ಅದನ್ನು ಬದಿಗಿಟ್ಟು, ಐದು ದಿನ ಕೂತು, ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಂದಳು. ಖಾಲಿ ಬಿಟ್ಟ ಹತ್ತು ಮಾರ್ಕಿನ ಪ್ರಶ್ನೆಯಿಂದಲೇ ಶುರುಮಾಡಿದಳು. ಆ ಪ್ರಶ್ನೆಗೆ ಈಗ ತನಗೆ ಗೊತ್ತಿರುವ ಉತ್ತರ ಇಷ್ಟು, ಮಾಸ್ತಮ್ಮನಿಗೆ ಗೊತ್ತಿರುವುದು ಇಷ್ಟು, ಇಬ್ಬರಿಗೂ ಗೊತ್ತಿಲ್ಲದ್ದು ಇದು ಎಂದು ಬರೆದು ನಿಲ್ಲಿಸಿದಳು. ತಪ್ಪಿದ ವ್ಯಾಕರಣವನ್ನು ಮಾಸ್ತರರು ಕೆಂಪು ಪೆನ್ನಿನಲ್ಲಿ ತಿದ್ದಿದರು. ಒಂದು ವಾಕ್ಯವನ್ನೂ ಹೊಡೆದುಹಾಕಲಿಲ್ಲ.

ಭಟ್ಕಳದ ಕಚೇರಿಯಲ್ಲಿ ಗುರುದತ್ತ ಅದನ್ನು ಎರಡು ಸಲ ಓದಿದ. "ಫೇಲಾದದ್ದು ಮೊದಲನೇ ಸಾಲಿಗೇ? ಅಕ್ಕಾ, ಇದ್ದದ್ದನ್ನ ಮುಚ್ಚಿಡೂದು ಹೇಗೆ ಅಂತ ಜನ ನನ್ನ ಹತ್ರ ಬರ್ತಾರೆ. ನೀನು ಬಾಗಿಲಿಗೇ ತೋರಣ ಕಟ್ಟಿದ್ದೀಯಲ್ಲ!"

"ಮಾರ್ಕ್ಸ್ ಕಾರ್ಡು ಹೇಗೂ ಕಾಣ್ತದಲ್ಲ."

"ಅದು ಹೌದು." ಮಾಸ್ತಮ್ಮ ಕೊಟ್ಟುಕಳಿಸಿದ ತನ್ನ ಪತ್ರದ ಪ್ರತಿಯನ್ನೂ ಅವನು ಓದಿದ. ಓದುತ್ತ ಓದುತ್ತ ಅವನ ಕಾಲು ಅಲುಗಾಡುವುದು ನಿಂತಿತು. "ನನ್ನ ಅಜ್ಜಿಯೂ ಕಾಯ್ಕಿಣಿಯ ಗದ್ದೆಯಲ್ಲಿ..." ಎಂದು ಶುರುಮಾಡಿ, ಮುಂದುವರಿಸದೆ ಕೀಲಿಮಣೆ ಹತ್ತಿರ ಎಳೆದುಕೊಂಡ. "ಹಾಕುವ. ಆದದ್ದಾಗ್ಲಿ. ಆ ಮ್ಯಾನೇಜರರ ಪತ್ರ ಇನ್ಯಾರಿಗಾದ್ರೂ ಆಗ್ತದೆ." ಸ್ಕ್ಯಾನು ಮಾಡಿದ ಪುಟಗಳು ವಾರೆಯಾಗಿವೆ ಎಂದು ಅವನೇ ಮೂರು ಸಲ ಹೊಸದಾಗಿ ಸ್ಕ್ಯಾನು ಮಾಡಿ, ಅರ್ಜಿಗಳು ಹೋದವೋ ಇಲ್ಲವೋ ಎಂದು ಊಟಕ್ಕೂ ಏಳದೆ ಕಾದು ಕೂತ.

ಜರ್ಮನಿಯಿಂದ ಉತ್ತರ ಬೇಗ ಬಂತು. ಅವರ ಲೆಕ್ಕಕ್ಕೆ ಅವಳ ಅಂಕಗಳು ಕನಿಷ್ಠ ಮಿತಿಗಿಂತ ಕೆಳಗಿದ್ದವು. ಉಳಿದದ್ದನ್ನು ಓದುವ ಅಗತ್ಯ ಅವರಿಗೆ ಬೀಳಲಿಲ್ಲ. ಡಿಸೆಂಬರಿನಲ್ಲಿ ಇಂಗ್ಲೆಂಡಿನವರು ಬಹಳ ವಿನಯದಿಂದ ಬೇಡವೆಂದರು. ಪ್ರಣಿತಾ ಎರಡನ್ನೂ ಅಪ್ಪ ಮಾಬ್ಲೇಶ್ವರನಿಗೆ ಓದಿ ಹೇಳಿದಳು. ಅವನು ಅಂಗಳದಲ್ಲಿ ಬಲೆ ಹೆಣೆಯುತ್ತ, "ಇಷ್ಟು ಮರ್ಯಾದಿಂದ ಬೇಡ ಅಂದವ್ರು ನಮ್ಮ ಕಡೆ ಯಾರಿದ್ರು ಹೇಳು," ಎಂದ. ಅವಳಿಗೆ ಅಳುವೂ ಬಂತು, ನಗುವೂ ಬಂತು.

ಜನವರಿಯಲ್ಲಿ ಮೂರನೆಯವರಿಂದ, ನೆದರ್ಲೆಂಡ್ಸಿನಿಂದ, ಒಂದು ಪತ್ರ ಬಂತು. ಬಂದದ್ದು ಪ್ರಣಿತಾಳಿಗಲ್ಲ, ಮಾಸ್ತಮ್ಮನಿಗೆ. ಉಮೇಶ ಫೋನು ಹಿಡಿದುಕೊಂಡು ಓಡಿ ಬಂದ. ನಿಮ್ಮ ಪತ್ರವನ್ನು ಓದಿದೆವು, ನಿಮಗೆ ಒಪ್ಪಿಗೆಯಿದ್ದರೆ ವಿಡಿಯೊ ಕರೆಯಲ್ಲಿ ಮಾತಾಡಬೇಕು, ಭಾಷಾಂತರಕ್ಕೆ ಯಾರಾದರೂ ಇರಲಿ, ಆದರೆ ಅಭ್ಯರ್ಥಿ ಜೊತೆಯಲ್ಲಿರಬಾರದು ಎಂದಿತ್ತು.

ಆ ಮಂಗಳವಾರ ಮಧ್ಯಾಹ್ನ ಮಾಸ್ತಮ್ಮ ಮದುವೆ ಮನೆಗೆ ಉಡುವ ನೀಲಿ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಅಂಗಳದ ಕುರ್ಚಿಯಲ್ಲಿ ಕೂತಳು. ಎದುರಿಗೆ ಒರಳಿನ ಮೇಲೆ ಮಾಸ್ತರರ ಲ್ಯಾಪ್‌ಟಾಪು, ಪಕ್ಕದಲ್ಲಿ ಮಾಸ್ತರರು. ಪ್ರಣಿತಾಳನ್ನು ಕಟ್ಟೆಯ ಮೇಲಕ್ಕೆ ಅಟ್ಟಿದರು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ.

ಮೊದಲು ಮಾಸ್ತಮ್ಮ ಕಲ್ಲಿನಂತೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಕೈ ಮೇಲೆದ್ದಿತು. ಆಮೇಲೆ ಎರಡೂ ಕೈ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಎದೆಯ ಹತ್ತಿರ ತೋರಿಸಿದಳು. ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಬೀಜದ ಮುಡಿ ಇತ್ತು. ಅದರ ಹುಲ್ಲು ಸಡಿಲಿಸಿ ಕಾಳು ತೆಗೆದು ಕ್ಯಾಮೆರಾಕ್ಕೆ ಹಿಡಿದಳು. ಮಾಸ್ತರರು ಏನೋ ಹೇಳಿದರು. ಮಾಸ್ತಮ್ಮ ತಲೆ ಹಿಂದಕ್ಕೆ ಹಾಕಿ ನಕ್ಕಳು. ಹಾಗೆ ನಕ್ಕದ್ದನ್ನು ಪ್ರಣಿತಾ ಯಾವತ್ತೂ ನೋಡಿರಲಿಲ್ಲ. ಹತ್ತು ನಿಮಿಷ ಎಂದಿದ್ದರು. ಮುಕ್ಕಾಲು ತಾಸಾಯಿತು.

ಕಟ್ಟೆಯ ಮೇಲೆ ಕೂತಿದ್ದ ಪ್ರಣಿತಾಳಿಗೆ ಒಂದು ಕ್ಷಣ ತನ್ನ ಅರ್ಜಿಯೇ ಮರೆತುಹೋಯಿತು. ಎಲ್ಲೋ ದೂರದ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಮಾಸ್ತಮ್ಮ ಹೇಳುವುದನ್ನು ಕಿವಿಗೊಟ್ಟು ಕೇಳುತ್ತಿದ್ದಾರಲ್ಲ, ಇನ್ನು ತನಗೆ ಸೀಟು ಸಿಗಲಿ ಬಿಡಲಿ, ಇಷ್ಟಾದರೂ ಆಯಿತಲ್ಲ ಎಂದುಕೊಂಡಳು.

ಕರೆ ಮುಗಿದ ಕೂಡಲೇ ಓಡಿ ಬಂದು, "ಎಂತ ಕೇಳಿದ್ರು? ನನ್ನ ಬಗ್ಗೆ ಎಂತ ಹೇಳ್ದೆ?" ಎಂದಳು.

"ಹೆಂಗ್ಸು ಒಳ್ಳೇದು," ಎಂದಳು ಮಾಸ್ತಮ್ಮ. "ಅದ್ರ ಊರೂ ಸಮುದ್ರಕ್ಕಿಂತ ತಗ್ಗಿನಾಗದ್ಯಂತೆ. ಅಲ್ಲೂ ಹಿಂದೊಂದು ಸಲ ಕಟ್ಟೆ ಒಡ್ದಿತ್ತಂತೆ. ಅದ್ರ ಅಜ್ಜ ರಾತ್ರಿಯೆಲ್ಲ ಮಣ್ಣು ಹೊತ್ನಂತೆ."

"ನನ್ನ ಬಗ್ಗೆ?"

"ಅದು ಅವ್ರಿಗೆ ಹೇಳಿದ್ದು. ನಿಂಗಲ್ಲ."

ಮಾಸ್ತರರನ್ನು ಕೇಳಿದರೆ, ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬುತ್ತ, "ನಾನು ಬರೀ ಭಾಷಾಂತರಕಾರ, ಬಾಯಿ ಬಿಡುವ ಹಾಗಿಲ್ಲ," ಎಂದು ಗಂಭೀರವಾಗಿ ಹೇಳಿದರು. ಆದರೆ ಬಸ್ಸು ಹತ್ತುವಾಗ ಹಿಂದಿರುಗಿ ನಿಂತು, "ಪ್ರಣಿತಾ, ಆ ಫಾರ್ಮು ವಾಪಸು ತೆಗೆಸೂಕೆ ಬರುವ ಹಾಗಿದ್ರೆ ನಾನು ಬೇರೆ ಚೌಕ ಒತ್ತುತಿದ್ದೆ," ಎಂದರು.

"ಬೇಡ ಸರ್. ಆಗ ನಿಮಗೆ ಗೊತ್ತಿದ್ದದ್ದು ಅಷ್ಟೇ. ನೀವು ಇದ್ದದ್ದು ಇದ್ದ ಹಾಗೆ ಹೇಳದಿದ್ರೆ ನಾನು ಮಾಸ್ತಮ್ಮನ ಹತ್ರ ಹೋಗ್ತಲೇ ಇರ್ಲಿಲ್ಲ."

ಮಾರ್ಚ್ ಮೊದಲ ವಾರ ಒಂದು ಗುರುವಾರ, ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಊರ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಫೋನಿಗೆ ಪತ್ರ ಬಂತು. ಸೀಟು ಕೊಟ್ಟಿದ್ದರು. ವಿದ್ಯಾರ್ಥಿವೇತನವೂ ಇತ್ತು. ಜೊತೆಗೊಂದು ಶರತ್ತು: ಸಸ್ಯಗಳ ಶರೀರಕ್ರಿಯೆಯ ಆನ್‌ಲೈನ್ ಕೋರ್ಸೊಂದನ್ನು ಜುಲೈ ಒಳಗೆ ಒಳ್ಳೆಯ ದರ್ಜೆಯಲ್ಲಿ ಮುಗಿಸಬೇಕು. ಅವಳು ಪತ್ರವನ್ನು ಮೂರು ಸಲ ಓದಿದಳು. ಬಸ್ಸು ಬಂದು ನಿಂತು, ಜನ ಹತ್ತಿ, ಹೊರಟೂ ಹೋಯಿತು.

ಮೊದಲು ಹೊನ್ನಾವರಕ್ಕೆ ಫೋನು ಮಾಡಿದಳು. ಮಾಸ್ತರರು ಒಳಗಿನ ಕಡೆ ತಿರುಗಿ, "ಏ, ಕೇಳ್ತಾ? ಆ ಕೂಸಿಗೆ ಸೀಟು ಸಿಕ್ಚು!" ಎಂದು ಕೂಗಿದ್ದು ಅವಳಿಗೆ ಕೇಳಿಸಿತು. ಮರಳಿ ಫೋನಿಗೆ ಬಂದವರು ಶರತ್ತಿನ ವಿಷಯ ಕೇಳಿ, "ಸೋಮವಾರದಿಂದ ಬಾ. ಪುಸ್ತಕ ತರಬೇಡ. ಕಗ್ಗದ ನಾಲ್ಕು ಕಾಳು ಕುಂಡದಲ್ಲಿ ಬಿತ್ಕಂಡು ಬಾ. ಈ ಸಲ ಇಬ್ಬರೂ ಕಲಿಯುವ," ಎಂದರು. ಗುರುದತ್ತನಿಗೆ ಹೇಳಿದಾಗ ಅವನು, "ನನ್ನ ಆಫೀಸಿನ ಗೋಡೆಗೆ ನಿನ್ನ ಫೋಟೊ ಹಾಕ್ತೆ, ಮಾಸ್ತಮ್ಮಂದೂ ಹಾಕ್ತೆ," ಎಂದ. ಅಪ್ಪನ ಕಡೆಯಿಂದ ಫೋನಿನಲ್ಲಿ ಮೂಗು ಸೀಟಿದ ಸದ್ದು ಕೇಳಿತು, ಅಷ್ಟೇ.

ಮಾಸ್ತಮ್ಮನಿಗೆ ಮಾತ್ರ ಎದುರಿಗೇ ಹೇಳಬೇಕು ಎಂದುಕೊಂಡಳು. ಮುಂದಿನ ಬಸ್ಸಿಗೆ ಹೋಗಿ ಇಳಿದು, ಪೇಟೆಯಲ್ಲಿ ಕೊಂಡ ಪೇಡೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ಕಟ್ಟೆಯ ಮೇಲೆ ಹೆಚ್ಚುಕಡಿಮೆ ಓಡಿದಳು. ಮಾಸ್ತಮ್ಮ ಗಜನಿಯ ತೂಬಿನ ಮೇಲೆ, ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ ನಿಂತಿದ್ದಳು. ಉಬ್ಬರದಲ್ಲಿ ಒಳಗೆ ಬಂದ ನೀರನ್ನು ಇಳಿತದಲ್ಲಿ ಹೊರಗೆ ಬಿಡುವ ಹೊತ್ತು ಅದು.

"ಮಾಸ್ತಮ್ಮಾ," ಎಂದಳು ಪ್ರಣಿತಾ, ಏದುಸಿರಿನಲ್ಲಿ.

"ತಡಿ, ತಡಿ. ಹೊಳೆ ಇಳೀತಾ ಅದೆ. ಈ ಹಲಗಿ ಕಚ್ಕಂಡದೆ, ಆ ತುದಿ ಹಿಡಿ."

ಪ್ರಣಿತಾ ಪೊಟ್ಟಣವನ್ನು ಕಟ್ಟೆಯ ಹುಲ್ಲಿನ ಮೇಲಿಟ್ಟು, ಚಪ್ಪಲಿ ಬಿಟ್ಟು ಕೆಳಗಿಳಿದಳು. ಹಲಗೆ ನೆನೆದು ಭಾರವಾಗಿತ್ತು. ಇಬ್ಬರೂ ಒಟ್ಟಿಗೆ ಎತ್ತಿದರು; ಒಮ್ಮೆ ಜಾರಿತು, ಮತ್ತೆ ಎತ್ತಿದರು. ಅಡಿಯಿಂದ ನೀರು ದಾರಿ ಕಂಡುಕೊಂಡು ಹೊಳೆಯ ಕಡೆ ನುಗ್ಗಿತು. ಮಾಸ್ತಮ್ಮ ಸೊಂಟಕ್ಕೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಳು. ಪ್ರಣಿತಾಳೂ ಪಕ್ಕದಲ್ಲಿ ನಿಂತಳು. ಬಿಸಿಲು ಓರೆಯಾಗಿತ್ತು. ನೀರು ಸರಿದಂತೆ ಗಜನಿಯ ನಡುವೆ ಮೊದಲೊಂದು ಕಡೆ, ಆಮೇಲೊಂದು ಕಡೆ ಕೆಸರು ಹೊಳೆಯುತ್ತ ಮೇಲೆದ್ದಿತು. ಎಲ್ಲಿಂದಲೋ ಬಂದ ಒಂದು ಬೆಳ್ಳಕ್ಕಿ ಅದರ ಮೇಲೆ ಇಳಿದು, ಕಾಲನ್ನು ಎತ್ತಿ ಎತ್ತಿ ಇಡುತ್ತ ನಡೆಯತೊಡಗಿತು.